ಕೀಟನಾಶಕ ಶೇಷಾಂಶ ಪರೀಕ್ಷೆ: ಲ್ಯಾಬ್‌ಗೆ ಕಟ್ಟುವ ದುಡ್ಡಿಗೆ ಏನು ಸಿಗುತ್ತದೆ?

ಖಾಸಗಿ ಲ್ಯಾಬ್‌ಗಳು ಈಗ ರೆಸಿಡ್ಯೂ (ಬೆಳೆಯಲ್ಲಿ ಉಳಿದ ಕೀಟನಾಶಕದ ಅಂಶ) ಪರೀಕ್ಷೆಯನ್ನು ರಕ್ತಪರೀಕ್ಷೆಯ ಪ್ಯಾಕೇಜಿನಂತೆ ಮಾರುತ್ತಿವೆ. ಫೋನ್ ಮಾಡಿದರೆ ಹುಡುಗ ಬಂದು ಸ್ಯಾಂಪಲ್ ಒಯ್ಯುತ್ತಾನೆ, ಕೆಲವು ದಿನಕ್ಕೆ ಮೇಲ್‌ನಲ್ಲಿ ಪಿಡಿಎಫ್ ಬರುತ್ತದೆ. ಅದರಲ್ಲಿ ಪುಟಗಟ್ಟಲೆ ಕೀಟನಾಶಕಗಳ ಹೆಸರು, ಎದುರಿಗೆ ಸಾಲಾಗಿ, ಅಳೆಯಬಲ್ಲ ಮಟ್ಟಕ್ಕಿಂತ ಕಡಿಮೆ ಎಂಬರ್ಥದ ‘ಬಿಎಲ್‌ಕ್ಯು, ಬಿಎಲ್‌ಕ್ಯು, ಬಿಎಲ್‌ಕ್ಯು’. ರೈತ ಉತ್ಪಾದಕ ಕಂಪನಿಗಳು, ಸಾವಯವ ಅಂಗಡಿಗಳು, ಮಸಾಲೆ ರಫ್ತುದಾರರು, ಒಟ್ಟಾಗಿ ತರಕಾರಿ ತರಿಸುವ ಅಪಾರ್ಟ್‌ಮೆಂಟ್‌ನವರು ಈ ಸೇವೆಯ ಗಿರಾಕಿಗಳು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಯಂತ್ರಗಳು ಚೆನ್ನಾಗಿವೆ, ವಿಧಾನ ಗಟ್ಟಿಯಾಗಿದೆ, ಒಳ್ಳೆಯ ಲ್ಯಾಬ್ ಕೊಡುವ ಅಂಕಿಯನ್ನು ನಂಬಬಹುದು. ಆದರೆ ಲ್ಯಾಬ್ ಹುಡುಕುವುದು ತನ್ನ ಪಟ್ಟಿಯಲ್ಲಿರುವುದನ್ನು ಮಾತ್ರ. ಪಟ್ಟಿ ನೋಡದೆ ದುಡ್ಡು ಕಟ್ಟಿದವರಿಗೆ ಸಿಗುವುದು ಚೆಂದದ ಪಿಡಿಎಫ್ ಅಷ್ಟೇ.

ಇದಕ್ಕೆ 2010ರ ದ್ರಾಕ್ಷಿ ಸೀಸನ್‌ಗಿಂತ ಒಳ್ಳೆಯ ಪಾಠವಿಲ್ಲ. 2003ರಲ್ಲಿ ಮೆಥೊಮಿಲ್ ಶೇಷಾಂಶದ ಕಾರಣಕ್ಕೆ ಯುರೋಪಿನಲ್ಲಿ ಪೆಟ್ಟು ತಿಂದ ಮೇಲೆ ಭಾರತದ ದ್ರಾಕ್ಷಿ ರಫ್ತಿಗೆ ಬಿಗಿಯಾದ ವ್ಯವಸ್ಥೆ ಬಂತು. ತೋಟಗಳ ನೋಂದಣಿ, ಕೊಯ್ಲಿಗೆ ಮುಂಚೆ ಸ್ಯಾಂಪಲ್, ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಮೇಲ್ವಿಚಾರಣೆ, ಕೃಷಿ ರಫ್ತು ಸಂಸ್ಥೆ ಅಪೆಡಾದ ಗ್ರೇಪ್‌ನೆಟ್ ಎಂಬ ಆನ್‌ಲೈನ್ ದಾಖಲೆ ವ್ಯವಸ್ಥೆ ಎಲ್ಲವೂ ಇದ್ದವು. ಆದರೂ 2010ರಲ್ಲಿ ‘ಪಾಸ್’ ರಿಪೋರ್ಟ್ ಹೊತ್ತು ಹೋದ ಕಂಟೇನರ್‌ಗಳು ಯುರೋಪಿನಲ್ಲಿ ಸಿಕ್ಕಿಬಿದ್ದವು. ಅಲ್ಲಿ ಸಿಕ್ಕಿದ್ದು ಕ್ಲೋರ್ಮೆಕ್ವಾಟ್ ಕ್ಲೋರೈಡ್, ಬೆಳೆಗಾರರ ಬಾಯಲ್ಲಿ ‘ಸಿಸಿಸಿ’. ಇದು ಕೀಟನಾಶಕವೂ ಅಲ್ಲ, ಶಿಲೀಂಧ್ರನಾಶಕವೂ ಅಲ್ಲ. ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಬಳ್ಳಿ ಅತಿಯಾಗಿ ಚಿಗುರದಂತೆ ಹಿಡಿದಿಡಲು ಹೊಡೆಯುವ ಬೆಳವಣಿಗೆ ನಿಯಂತ್ರಕ. ಆಗ ಯುರೋಪಿನ ಮಿತಿ ಕೆ.ಜಿ.ಗೆ 0.05 ಮಿ.ಗ್ರಾಂ. ಇಲ್ಲಿನ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಲ್ಯಾಬ್‌ಗಳು ತಪ್ಪು ಮಾಡಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದವು.

2020ರ ಸೆಪ್ಟೆಂಬರ್‌ನಲ್ಲಿ ಎಳ್ಳಿನ ವಿಷಯದಲ್ಲೂ ಇದೇ ಆಯಿತು. ರೋಗಾಣು ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್ ಅನಿಲದ ಶೇಷಾಂಶ ಭಾರತದ ಎಳ್ಳಿನಲ್ಲಿ ಯುರೋಪಿನ 0.05ರ ಮಿತಿಯನ್ನು ದಾಟಿತ್ತು. ಮಾಮೂಲಿ ಕೀಟನಾಶಕ ಪರೀಕ್ಷೆಯಲ್ಲಿ ಈ ಅನಿಲವೂ ಕಾಣುವುದಿಲ್ಲ, ಅದು ಮಾರ್ಪಟ್ಟು ಉಳಿಯುವ 2-ಕ್ಲೋರೋಎಥನಾಲ್ ಕೂಡ ಕಾಣುವುದಿಲ್ಲ.

ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಪರೀಕ್ಷೆ ನಡೆಯುವ ಬಗೆ ತಿಳಿದಿರಬೇಕು. ಬಹುತೇಕ ಎಲ್ಲ ಲ್ಯಾಬ್‌ಗಳೂ ಬಳಸುವುದು 2003ರಲ್ಲಿ ಪ್ರಕಟವಾದ ‘ಕ್ವೆಚರ್ಸ್’ ವಿಧಾನ ಅಥವಾ ಅದರ ರೂಪಾಂತರ. ಇಡೀ ಸ್ಯಾಂಪಲನ್ನು ನುಣ್ಣಗೆ ರುಬ್ಬಿ, ಅದರಿಂದ 10 ಗ್ರಾಂ ತೂಗಿ, 10 ಮಿ.ಲೀ. ಅಸಿಟೋನೈಟ್ರೈಲ್ ಹಾಕಿ ಅಲುಗಿಸುತ್ತಾರೆ. 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಬಿದ್ದ ಕೂಡಲೇ ನೀರು ಒಂದು ಕಡೆ, ದ್ರಾವಕ ಒಂದು ಕಡೆ ಬೇರೆಯಾಗುತ್ತವೆ. ಕೀಟನಾಶಕಗಳು ದ್ರಾವಕದ ಪದರಕ್ಕೆ ಬರುತ್ತವೆ. ಅದನ್ನು ಶುದ್ಧಗೊಳಿಸಿ ಎರಡು ಯಂತ್ರಗಳಿಗೆ ಹಾಕಬೇಕು. ಸೈಪರ್ಮೆಥ್ರಿನ್ ಜಾತಿಯವು ಜಿಸಿ-ಎಂಎಸ್/ಎಂಎಸ್‌ನಲ್ಲಿ, ಇಮಿಡಾಕ್ಲೋಪ್ರಿಡ್, ಕಾರ್ಬೆಂಡಜಿಮ್ ತರಹದವು ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ ಚೆನ್ನಾಗಿ ಸಿಗುತ್ತವೆ. ಒಂದೇ ಯಂತ್ರ ಇಟ್ಟುಕೊಂಡು ‘ಮಲ್ಟಿ ರೆಸಿಡ್ಯೂ’ ಎನ್ನುವ ಲ್ಯಾಬ್ ಅರ್ಧ ಪಟ್ಟಿಯನ್ನಷ್ಟೇ ಮಾರುತ್ತಿದೆ ಎಂದು ತಿಳಿಯಿರಿ.

ನೀರಿಗೇ ಅಂಟಿಕೊಳ್ಳುವ ವಸ್ತುಗಳು ದ್ರಾವಕಕ್ಕೆ ದಾಟುವುದಿಲ್ಲ. ಕ್ಲೋರ್ಮೆಕ್ವಾಟ್, ಗ್ಲೈಫೋಸೇಟ್, ಪ್ಯಾರಾಕ್ವಾಟ್, ಹಣ್ಣು ಮಾಗಿಸಲು ಮತ್ತು ದಾಳಿಂಬೆ ಗಿಡದ ಎಲೆ ಉದುರಿಸಲು ಬಳಸುವ ಎಥಿಫಾನ್, ಫೊಸೆಟೈಲ್ ಮತ್ತದರ ಫಾಸ್ಫೋನಿಕ್ ಆಮ್ಲ, ಇವಕ್ಕೆಲ್ಲ ಬೇರೆ ವಿಧಾನ, ಬೇರೆ ಶುಲ್ಕ.

ಇನ್ನೂ ದೊಡ್ಡ ತೂತು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ. ಟೊಮೆಟೊ, ಆಲೂಗಡ್ಡೆ, ದ್ರಾಕ್ಷಿ, ಮೆಣಸಿನಕಾಯಿ, ಯಾವ ಬೆಳೆಗಾರನನ್ನು ಕೇಳಿದರೂ ಅಂಗಮಾರಿಗೆ ಮೊದಲು ಹೇಳುವ ಹೆಸರು ಇದು. ಆದರೆ ಇದು ಯಾವ ದ್ರಾವಕದಲ್ಲೂ ಸರಿಯಾಗಿ ಕರಗುವುದಿಲ್ಲ. ಸ್ಯಾಂಪಲನ್ನು ಆಮ್ಲದಲ್ಲಿ ಬಿಸಿ ಮಾಡಿ, ಹೊರಬರುವ ಕಾರ್ಬನ್ ಡೈಸಲ್ಫೈಡ್ (ಸಿಎಸ್2) ಅಳೆದು ಲೆಕ್ಕ ಹಾಕಬೇಕು. ಹಾಗಾಗಿ ‘500ಕ್ಕೂ ಹೆಚ್ಚು ಕೀಟನಾಶಕಗಳು’ ಎಂಬ ಪ್ಯಾಕೇಜಿನಲ್ಲಿ ಪಾಸಾದ ಟೊಮೆಟೊ ಮೇಲೆ ಮ್ಯಾಂಕೋಜೆಬ್ ಎಷ್ಟಿತ್ತು ಎಂದು ಯಾರೂ ನೋಡಿಯೇ ಇರುವುದಿಲ್ಲ. ‘ಡೈಥಯೋಕಾರ್ಬಮೇಟ್ಸ್, ಸಿಎಸ್2 ಆಗಿ’ ಎಂದು, ಅಂದರೆ ಮ್ಯಾಂಕೋಜೆಬ್ ಸೇರಿದ ಗುಂಪಿನ ಹೆಸರನ್ನು, ಬೇರೆಯಾಗಿ ಬರೆದು ಕೇಳಬೇಕು. ಇಲ್ಲೊಂದು ತಿರುವೂ ಇದೆ. ಎಲೆಕೋಸು, ಹೂಕೋಸು, ಈರುಳ್ಳಿ, ಬೆಳ್ಳುಳ್ಳಿ, ಪಪ್ಪಾಯಿಯಲ್ಲಿರುವ ಗಂಧಕದ ಸಂಯುಕ್ತಗಳು ತಾವಾಗಿಯೇ ಸಿಎಸ್2 ಕೊಡುತ್ತವೆ. ಒಂದು ಹನಿ ಹೊಡೆಯದ ಕೋಸಿನಲ್ಲೂ ಅಂಕಿ ಬರಬಹುದು. ಇದನ್ನು ವಿವರಿಸದೆ ‘ಫೇಲ್’ ಒತ್ತುವ ಲ್ಯಾಬ್‌ನಿಂದ ದೂರ ಇರಿ.

ಆದ್ದರಿಂದ ಸ್ಯಾಂಪಲ್ ಕೊಡುವ ಮುಂಚೆ ಮೇಲ್‌ನಲ್ಲಿ ನಾಲ್ಕು ವಿಷಯ ತರಿಸಿಕೊಳ್ಳಿ: ನಿಮ್ಮ ಬೆಳೆಗೆ ಅನ್ವಯವಾಗುವ ಪೂರ್ತಿ ಪಟ್ಟಿ, ಪ್ರತಿಯೊಂದರ ಎದುರು ಎಲ್‌ಒಕ್ಯು (ಲ್ಯಾಬ್ ಖಚಿತವಾಗಿ ಅಳೆಯಬಲ್ಲ ಕನಿಷ್ಠ ಪ್ರಮಾಣ), ಯಾವುದಕ್ಕೆ ಯಾವ ಯಂತ್ರ, ಯಾವುದು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವ್ಯಾಪ್ತಿಯಲ್ಲಿದೆ. ರೈತರಾದರೆ ಆ ಪಟ್ಟಿಯನ್ನು ಸ್ಪ್ರೇ ಡೈರಿಯ ಪಕ್ಕಕ್ಕೆ ಇಟ್ಟು ಒಂದೊಂದೇ ಟಿಕ್ ಹಾಕಿ. ಬಾಟಲಿಯ ಮೇಲಿನ ದೊಡ್ಡಕ್ಷರದ ಹೆಸರಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ತಾಂತ್ರಿಕ ಹೆಸರು ನೋಡಬೇಕು. ಮಾರಾಟ ವಿಭಾಗದವರು ‘ಎಲ್ಲ ಕವರ್ ಆಗುತ್ತೆ ಸರ್’ ಎಂದರೆ ಅದು ಉತ್ತರವಲ್ಲ. ಪಟ್ಟಿ ಕಳಿಸಲು ಹಿಂದೆಮುಂದೆ ನೋಡುವ ಲ್ಯಾಬ್‌ಗೆ ನಾವು ಸೊನ್ನೆ ಅಂಕ ಕೊಡುತ್ತೇವೆ.

ಇನ್ನು ಸ್ಯಾಂಪಲ್. ಈ ಸೇವೆಯ ಅತಿ ದುರ್ಬಲ ಕೊಂಡಿ ಇದೇ, ಮತ್ತು ಲ್ಯಾಬ್‌ಗಳು ಬೇಕೆಂದೇ ಈ ಬಗ್ಗೆ ಮೌನ. ‘ಪಡೆದ ಸ್ಯಾಂಪಲ್‌ಗೆ ಮಾತ್ರ ಈ ಫಲಿತಾಂಶ ಅನ್ವಯ’ ಎಂದು ರಿಪೋರ್ಟಿನ ಅಡಿಯಲ್ಲಿ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತವೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್‌ನ ಮಾರ್ಗಸೂಚಿಯ ಪ್ರಕಾರ ಟೊಮೆಟೊ, ಸೇಬಿನಂತಹ ಮಧ್ಯಮ ಗಾತ್ರದವು ಕನಿಷ್ಠ 10 ಕಾಯಿ, ಒಟ್ಟು 1 ಕೆ.ಜಿ.ಗೆ ಕಡಿಮೆ ಇರಬಾರದು. ಕೋಸು, ಸೌತೆ, ದ್ರಾಕ್ಷಿ ಗೊಂಚಲಿನಂತಹ ದೊಡ್ಡವು ಕನಿಷ್ಠ 5, ಒಟ್ಟು 2 ಕೆ.ಜಿ. ಹೊಲದ ಅಂಚಿನಲ್ಲಿ ಕೈಗೆ ಸಿಕ್ಕ ಅರ್ಧ ಕೆ.ಜಿ. ಕಿತ್ತು ಕೊಟ್ಟರೆ ಪಕ್ಕದ ಹೊಲದಿಂದ ಗಾಳಿಗೆ ತೂರಿಬಂದದ್ದನ್ನು ಅಳೆಸಿದಂತಾಗುತ್ತದೆ. ಅಂಚಿನ ಸಾಲು ಬಿಟ್ಟು, ಹೊಲದ ಉದ್ದಗಲಕ್ಕೂ ಅಡ್ಡಾಡಿ, ಗಿಡದ ಮೇಲೆ-ಕೆಳಗೆ, ನೆರಳು-ಬಿಸಿಲು ಎರಡೂ ಕಡೆಯಿಂದ ಕೀಳಬೇಕು.

ತೊಳೆಯಬಾರದು, ಹೆಚ್ಚಬಾರದು. ಹೆಚ್ಚಿದರೆ ಕಾಯಿಯ ಒಳಗಿನ ರಸ ಹೊರಗಿನ ಔಷಧಿಯನ್ನು ಮುಟ್ಟಿ ಕ್ಯಾಪ್ಟಾನ್, ಕ್ಲೋರೋಥಲೋನಿಲ್, ಮ್ಯಾಂಕೋಜೆಬ್‌ನಂತಹವು ಲ್ಯಾಬ್ ತಲುಪುವ ಮುಂಚೆಯೇ ಒಡೆದುಹೋಗುತ್ತವೆ, ರಿಪೋರ್ಟ್ ಸುಳ್ಳೇ ಸ್ವಚ್ಛವಾಗಿ ಬರುತ್ತದೆ. ಔಷಧಿ ಮುಟ್ಟಿದ ಕೈಯಲ್ಲಿ ಕೀಳಬೇಡಿ, ಗೊಬ್ಬರದ ಚೀಲಕ್ಕೆ ತುಂಬಬೇಡಿ. ಹೊಸ ಪಾಲಿಥಿನ್ ಕವರ್, ಒಳಗೆ ಐಸ್ ಪ್ಯಾಕ್, ಅದೇ ದಿನ ರವಾನೆ. ಒಯ್ಯಲು ಬಂದವನು ಬೈಕಿನ ಬದಿಯ ಚೀಲದಲ್ಲಿ ಬಿಸಿಲಿಗೆ ಹಾಕಿಕೊಂಡು ಹೊರಟರೆ ತಡೆಯಿರಿ. ಮನೆಬಾಗಿಲಿಗೆ ಬರುವ ಸೌಲಭ್ಯ ಚೆನ್ನ, ಆದರೆ ಥರ್ಮೋಕೋಲ್ ಪೆಟ್ಟಿಗೆ ತರದ ಹುಡುಗನಿಗಿಂತ ನಾವೇ ಹೋಗಿ ಕೊಡುವುದು ವಾಸಿ. ಒಂದೇ ರಾಶಿಯಿಂದ ಎರಡು ಪಾಲು ಮಾಡಿ, ಒಂದನ್ನು ಸಹಿ ಹಾಕಿ ಸೀಲ್ ಮಾಡಿ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಿ. ಖರೀದಿದಾರನ ಲ್ಯಾಬ್ ಬೇರೆ ಅಂಕಿ ಕೊಟ್ಟಾಗ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಅದೊಂದೇ.

ಯಾವಾಗ ಕೀಳಬೇಕು? ಕೊನೆಯ ಸಿಂಪರಣೆಯಾಗಿ ಲೇಬಲ್‌ನಲ್ಲಿ ಹೇಳಿದ ಕಾಯುವ ಅವಧಿ ಮುಗಿದ ಮೇಲೆ, ಕೊಯ್ಲಿಗೆ ರಿಪೋರ್ಟ್ ಕೈಸೇರುವಷ್ಟು ದಿನ ಮುಂಚೆ. ಸ್ಯಾಂಪಲ್ ಹೋದ ಮೇಲೆ ‘ಇನ್ನೊಂದು ಕೈ’ ಹೊಡೆದರೆ ಆ ರಿಪೋರ್ಟ್ ರದ್ದಿಗೆ.

ರಿಪೋರ್ಟ್ ಬಂತು ಎನ್ನಿ. ಬಿಎಲ್‌ಕ್ಯು ಎಂದರೆ ‘ಇಲ್ಲ’ ಎಂದಲ್ಲ, ಈ ಲ್ಯಾಬ್ ಖಚಿತವಾಗಿ ಅಳೆಯಬಲ್ಲ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಎಂದಷ್ಟೇ. ಆ ಕನಿಷ್ಠ ಪ್ರಮಾಣವೇ ಎಲ್‌ಒಕ್ಯು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಪ್ರತಿ ಬೆಳೆ, ಪ್ರತಿ ಕೀಟನಾಶಕದ ಜೋಡಿಗೆ ಬೇರೆಬೇರೆ ಎಂಆರ್‌ಎಲ್ (ಶೇಷಾಂಶದ ಗರಿಷ್ಠ ಮಿತಿ) ಇದೆ. ನಿಗದಿಯಾಗದಿದ್ದರೆ ಕೆ.ಜಿ.ಗೆ 0.01 ಮಿ.ಗ್ರಾಂ ಎಂಬುದು ಸಾಮಾನ್ಯ ಮಿತಿ. ಮಸಾಲೆ ಪದಾರ್ಥಗಳಿಗೆ ಮಾತ್ರ 2024ರ ಏಪ್ರಿಲ್‌ನ ಆದೇಶ ಅದನ್ನು 0.1ಕ್ಕೆ ಏರಿಸಿತು. ಈಗ ಲ್ಯಾಬ್‌ನ ಎಲ್‌ಒಕ್ಯು 0.05 ಇದ್ದು, ನಿಮ್ಮ ತರಕಾರಿಯ ಮಿತಿ 0.01 ಆಗಿದ್ದರೆ, ಮಿತಿಯ ನಾಲ್ಕು ಪಟ್ಟು ಇದ್ದರೂ ‘ಬಿಎಲ್‌ಕ್ಯು’ ಎಂದೇ ಬರುತ್ತದೆ. ಅಗ್ಗದ ಪ್ಯಾಕೇಜ್‌ಗಳ ಗುಟ್ಟು ಹಲವು ಸಲ ಇದೇ. ಒಣ ಮೆಣಸಿನಕಾಯಿ, ಅರಿಶಿನ, ಕೊತ್ತಂಬರಿ ಸೊಪ್ಪಿನಂತಹ ಬಣ್ಣ-ಎಣ್ಣೆ ಹೆಚ್ಚಿರುವ ಪದಾರ್ಥಗಳಲ್ಲಿ ಕಡಿಮೆ ಎಲ್‌ಒಕ್ಯು ತಲುಪುವುದು ನಿಜಕ್ಕೂ ಕಷ್ಟ. ಸೊಪ್ಪಿನ ಹಸಿರು ತೆಗೆಯಲು ಹಾಕುವ ಕಾರ್ಬನ್ ಪುಡಿ ಥಯಾಬೆಂಡಜೋಲ್‌ನಂತಹ ಚಪ್ಪಟೆ ಅಣುಗಳನ್ನೂ ಹಿಡಿದುಕೊಳ್ಳುತ್ತದೆ. ಹಾಗಾಗಿ ‘ನಿಮ್ಮ ರಿಕವರಿ ಎಷ್ಟು?’ ಎಂದು ಕೇಳಿ. ಗೊತ್ತಿರುವಷ್ಟು ಕೀಟನಾಶಕ ಬೆರೆಸಿ ಪರೀಕ್ಷಿಸಿದಾಗ ಶೇ 70ರಿಂದ 120ರೊಳಗೆ ವಾಪಸ್ ಸಿಗಬೇಕು ಎಂಬುದು ಒಪ್ಪಿತ ಅಳತೆ.

ಅಂಕಿ ಬಂದಿದ್ದರೆ ಅದರ ಪಕ್ಕದ ಅನಿಶ್ಚಿತತೆಯನ್ನೂ ನೋಡಿ. ಈ ಕ್ಷೇತ್ರದಲ್ಲಿ ± ಶೇ 50 ಎಂಬುದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಪ್ರೊಫೆನೊಫಾಸ್ 0.014 ಬಂದಿದೆ, ಮಿತಿ 0.01 ಎಂದಿಟ್ಟುಕೊಳ್ಳಿ. ನಿಜವಾದ ಮೌಲ್ಯ 0.007ರಿಂದ 0.021ರ ನಡುವೆ ಎಲ್ಲಿಯಾದರೂ ಇರಬಹುದು. ಯುರೋಪಿನ ಅಧಿಕಾರಿಗಳು ಶೇ 50 ಕಳೆದ ಮೇಲೂ ಮಿತಿ ಮೀರಿದರೆ ಮಾತ್ರ ಕ್ರಮಕ್ಕೆ ಇಳಿಯುತ್ತಾರೆ, ಅಂದರೆ 0.020 ದಾಟಬೇಕು. ಹಾಗೆಂದು ರಫ್ತುದಾರ ಈ ರಿಯಾಯಿತಿಯನ್ನು ನೆಚ್ಚಿ ಕಂಟೇನರ್ ಹತ್ತಿಸುವಂತಿಲ್ಲ. ಖರೀದಿಸುವ ಸೂಪರ್‌ಮಾರ್ಕೆಟ್‌ಗಳ ಒಪ್ಪಂದ ಸರ್ಕಾರದ ಮಿತಿಗಿಂತ ಬಿಗಿ ಇರುವುದುಂಟು.

ಮಿತಿಯ ಕಾಲಂನಲ್ಲಿ ಯಾವ ದೇಶದ್ದು ಮುದ್ರಿಸಿದ್ದಾರೆ ಎಂಬುದನ್ನೂ ಗಮನಿಸಿ. ಕ್ಲೋರ್‌ಪೈರಿಫಾಸ್‌ಗೆ ಯುರೋಪ್ 2020ರಲ್ಲಿ ಅನುಮತಿ ನವೀಕರಿಸಲಿಲ್ಲ, ಮಿತಿಯನ್ನು 0.01ಕ್ಕೆ ಇಳಿಸಿತು. ಇಲ್ಲಿನ ಪಾಸ್ ಅಲ್ಲಿನ ಫೇಲ್ ಆಗುವುದು ಹೀಗೆ. ಒಣಗಿಸಿದ ಸರಕಿಗೆ ಇನ್ನೊಂದು ಲೆಕ್ಕ: ಸುಮಾರು 4 ಕೆ.ಜಿ. ದ್ರಾಕ್ಷಿ ಒಣಗಿ 1 ಕೆ.ಜಿ. ಮನೂಕ ಆಗುವಾಗ ನೀರು ಹೋಗುತ್ತದೆ, ಶೇಷಾಂಶದ ಬಹುಪಾಲು ಉಳಿಯಬಹುದು. ಹಸಿ ಹಣ್ಣಿನ ರಿಪೋರ್ಟ್ ತೋರಿಸಿ ಮನೂಕ ಮಾರಲು ಹೊರಟರೆ ನಂಬಬೇಡಿ.

‘ಇದನ್ನು ನಾನು ಹೊಡೆದೇ ಇಲ್ಲ’ ಎಂದು ಬೆಳೆಗಾರ ಲ್ಯಾಬ್ ಜೊತೆ ಜಗಳಕ್ಕೆ ನಿಲ್ಲುವುದು ಮಾಮೂಲು. ಬಹಳ ಸಲ ಇಬ್ಬರೂ ಸರಿ. ಕಾರ್ಬೊಸಲ್ಫಾನ್ ಹೊಡೆದರೆ ಗಿಡದಲ್ಲಿ ಅದು ಕಾರ್ಬೊಫ್ಯೂರಾನ್ ಆಗುತ್ತದೆ. ಥಯೊಫನೇಟ್ ಮಿಥೈಲ್ ಒಡೆದು ಕಾರ್ಬೆಂಡಜಿಮ್ ಆಗುತ್ತದೆ, ಅಸಿಫೇಟ್‌ನಿಂದ ಮೆಥಮಿಡೋಫಾಸ್, ಡೈಮೆಥೋಯೇಟ್‌ನಿಂದ ಒಮೆಥೋಯೇಟ್. ಇವ್ಯಾವುದೂ ಅಲ್ಲವಾದರೆ ‘ಬಯೋ’ ಹೆಸರಿನ ಬಾಟಲಿಯ ಮೇಲೆ ಅನುಮಾನ ಇರಲಿ. ನೋಂದಣಿ ಸಂಖ್ಯೆಯೂ ಇಲ್ಲದೆ, ಘಟಕಾಂಶವನ್ನೂ ಬರೆಯದೆ ಮಾರುವ ಟಾನಿಕ್ಕು ಮಾರನೇ ದಿನವೇ ಹುಳು ಉದುರಿಸಿದರೆ ಅದರೊಳಗೆ ಬೇವಿನೆಣ್ಣೆ ಮಾತ್ರ ಇರಲಾರದು. ಸಾವಯವದವರು ಮಣ್ಣನ್ನೂ ಮರೆಯಬಾರದು. ಕುಂಬಳ ಜಾತಿಯ ಬಳ್ಳಿಗಳು ಎಂದೋ ಮಣ್ಣಿಗೆ ಸೇರಿದ ಡಿಲ್ಡ್ರಿನ್, ಡಿಡಿಟಿಯ ಅವಶೇಷಗಳನ್ನು ಬೇರಿನಿಂದ ಎಳೆದುಕೊಳ್ಳುತ್ತವೆ. ಇಂಥಲ್ಲಿ ಕಾಯಿಗಿಂತ ಮೊದಲು ಮಣ್ಣು ಪರೀಕ್ಷಿಸಬೇಕು, ಅದೂ ಬಳ್ಳಿ ಹಾಕುವ ಮುಂಚೆ.

ಮಾನ್ಯತೆಯ ವಿಷಯ ಚುಟುಕಾಗಿ. ಎನ್‌ಎಬಿಎಲ್ ಲಾಂಛನ ಇದ್ದರೆ ಸಾಲದು, ರಿಪೋರ್ಟಿನ ಮೇಲೆ ಯುಎಲ್‌ಆರ್ ಸಂಖ್ಯೆ (ಪ್ರತಿ ಮಾನ್ಯ ರಿಪೋರ್ಟಿಗೂ ಸಿಗುವ ವಿಶಿಷ್ಟ ಸಂಖ್ಯೆ) ಇರಬೇಕು. ಲ್ಯಾಬ್‌ನ ಮಾನ್ಯತೆಯ ವ್ಯಾಪ್ತಿ ಎನ್‌ಎಬಿಎಲ್ ಜಾಲತಾಣದಲ್ಲಿ ತೆರೆದೇ ಇದೆ, ನಿಮ್ಮ ಬೆಳೆ ಅದರಲ್ಲಿದೆಯೇ ನೋಡಿ. ಕುಡಿಯುವ ನೀರಿಗೆ ಮಾನ್ಯತೆ ಪಡೆದು ಮೆಣಸಿನಕಾಯಿ ರಿಪೋರ್ಟಿಗೆ ಅದೇ ಲಾಂಛನ ಒತ್ತಿದ್ದರೆ ಅದಕ್ಕೆ ಬೆಲೆಯಿಲ್ಲ. ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಕಂಡರೆ ಅಡಿಟಿಪ್ಪಣಿ ಓದಿ, ಸಾಮಾನ್ಯವಾಗಿ ಅದು ವ್ಯಾಪ್ತಿಯ ಹೊರಗಿನದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂತಹ ಸರ್ಕಾರಿ ಸಂಸ್ಥೆಗಳಲ್ಲೂ ಈ ವಿಷಯದ ತಜ್ಞರಿದ್ದಾರೆ. ವ್ಯಾಜ್ಯದ ಸ್ಯಾಂಪಲ್ ಇದ್ದರೆ ಮೊದಲು ಅತ್ತ ಕಡೆ ವಿಚಾರಿಸುವುದು ಒಳ್ಳೆಯದು.

ಮನೆ ಬಳಕೆಗೆ ಈ ಸೇವೆ ಬೇಕೇ? ಬೇಡ. ಇಂದು ತಂದ ಟೊಮೆಟೊದ ರಿಪೋರ್ಟ್ ಬರುವಷ್ಟರಲ್ಲಿ ಅದರ ಸಾರು ಮುಗಿದು, ನಾಳಿನ ಟೊಮೆಟೊ ಬೇರೆ ಹೊಲದಿಂದ ಬಂದಿರುತ್ತದೆ. ಆ ದುಡ್ಡು ಉಳಿಸಿ ನಲ್ಲಿ ನೀರಲ್ಲಿ ಉಜ್ಜಿ ತೊಳೆಯಿರಿ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ನಲ್ಲಿ ನೀರು 12ರಲ್ಲಿ 9 ಕೀಟನಾಶಕಗಳನ್ನು ಕಡಿಮೆ ಮಾಡಿತ್ತು. ಅಂಗಡಿಯ ತರಕಾರಿ ತೊಳೆಯುವ ದ್ರವಗಳು ನೀರಿಗಿಂತ ಮೇಲೆನಿಸಲಿಲ್ಲ. 2017ರ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿದ ನೀರು 12ರಿಂದ 15 ನಿಮಿಷದಲ್ಲಿ ಸೇಬಿನ ಮೇಲ್ಮೈಯ ಎರಡು ಕೀಟನಾಶಕಗಳನ್ನು ತೆಗೆಯಿತು, ಆದರೆ ಥಯಾಬೆಂಡಜೋಲ್‌ನ ಶೇ 20ರಷ್ಟು ಅಷ್ಟರಲ್ಲೇ ಸಿಪ್ಪೆಯೊಳಗೆ ಇಳಿದಿತ್ತು. ಒಳಗೆ ಇಳಿದದ್ದಕ್ಕೆ ಯಾವ ದ್ರವವೂ ಇಲ್ಲ, ಸಿಪ್ಪೆ ಹೆರೆಯುವುದೊಂದೇ ದಾರಿ.

ಆನ್‌ಲೈನ್‌ನಲ್ಲಿ ಸಿಗುವ ಬಣ್ಣ ಬದಲಿಸುವ ಕಾರ್ಡ್ ಕಿಟ್‌ಗಳ ಬಗ್ಗೆಯೂ ಕೇಳುತ್ತಾರೆ. ಕಾರ್ಡಿನ ಕಿಣ್ವವನ್ನು ಕೀಟನಾಶಕ ತಡೆದರೆ ನೀಲಿ ಬಣ್ಣ ಬರುವುದಿಲ್ಲ, ಇಷ್ಟೇ ತತ್ತ್ವ. ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಎರಡೇ ಗುಂಪಿಗೆ ಅನ್ವಯ. ಇಮಿಡಾಕ್ಲೋಪ್ರಿಡ್, ಸೈಪರ್ಮೆಥ್ರಿನ್, ಮ್ಯಾಂಕೋಜೆಬ್ ಇದಕ್ಕೆ ಗೊತ್ತೇ ಆಗುವುದಿಲ್ಲ. ಕಂಡುಹಿಡಿಯುವ ಪ್ರಮಾಣವೂ ಬಹುಪಾಲು ಕೆ.ಜಿ.ಗೆ ಮಿಲಿಗ್ರಾಂ ಲೆಕ್ಕದಲ್ಲಿ, 0.01 ಎಲ್ಲಿ, ಇದೆಲ್ಲಿ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಕೊತ್ತಂಬರಿ ಸೊಪ್ಪಿನ ರಸವೇ ಕಿಣ್ವವನ್ನು ತಡೆದು ಸುಳ್ಳು ಗಂಟೆ ಬಾರಿಸುತ್ತದೆ. ಹಣ್ಣಿಗೆ ಸೂಜಿ ಚುಚ್ಚಿ ಅಂಕಿ ತೋರಿಸುವ ಪೆನ್ನಿನಂತಹ ಮೀಟರ್‌ಗಳಂತೂ ವಿದ್ಯುತ್ ವಾಹಕತೆಯಿಂದ ನೈಟ್ರೇಟ್ ಅಂದಾಜು ಮಾಡುವವು, ಕೀಟನಾಶಕಕ್ಕೂ ಅವಕ್ಕೂ ಸಂಬಂಧವಿಲ್ಲ. ಎರಡಕ್ಕೂ ದುಡ್ಡು ಹಾಕಬೇಡಿ.

ಒಂದು ಅಂಗಡಿಯ ಮಾಲಿನ ಮೇಲೆ ಗ್ರಾಹಕರಿಗೆ ಗಟ್ಟಿ ಅನುಮಾನವಿದ್ದರೆ ಖಾಸಗಿ ಲ್ಯಾಬ್‌ನ ರಿಪೋರ್ಟ್ ಹಿಡಿದು ಹೋಗುವುದಕ್ಕಿಂತ ಆಹಾರ ಸುರಕ್ಷತಾ ಕಾಯ್ದೆ 2006ರ 40ನೇ ಕಲಂ ಬಳಸಿ. ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಎಂದು ತಿಳಿಸಬೇಕು, ಬಿಲ್ ಪಡೆಯಬೇಕು, ಶುಲ್ಕ ಕಟ್ಟಿ ಫುಡ್ ಅನಲಿಸ್ಟ್‌ಗೆ ಕೊಡಬೇಕು. ಆಹಾರ ನಿಯಮಕ್ಕೆ ವಿರುದ್ಧವಾಗಿದೆ ಎಂದು ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ, ವರದಿ ಮುಂದಿನ ಕ್ರಮಕ್ಕೆ ಆಹಾರ ಸುರಕ್ಷತೆಯ ಅಂಕಿತಾಧಿಕಾರಿಗೆ (ಡೆಸಿಗ್ನೇಟೆಡ್ ಆಫೀಸರ್) ಹೋಗುತ್ತದೆ. ಇಲ್ಲೂ ಅರ್ಜಿಯಲ್ಲಿ ಬರೀ ‘ಕೀಟನಾಶಕ’ ಎಂದು ಬರೆದು ಬಿಡಬೇಡಿ, ಯಾವುದರ ಮೇಲೆ ಅನುಮಾನವೋ ಅದರ ಹೆಸರು ಬರೆಯಿರಿ.